ಪದವಿನ ಮನೆಯೂ ಹಾವಿನ ಅಂಜಿಕೆಯೂ

ಕಾಸರಗೋಡು ಪೇಟೆಯನ್ನು ಹಿಂದೆ ಬಿಟ್ಟು ಒಳನಾಡಿನತ್ತ ಯಾವ ದಾರಿ ಹಿಡಿದು ಹೊರಟರೂ, ನಾಲ್ಕಾರು ಕಿಲೋಮೀಟರು ಕಳೆಯುವಷ್ಟರಲ್ಲಿ ತೆಂಗಿನ ತೋಟಗಳ ನೆರಳು ಸರಿದು ರಸ್ತೆ ಮೆಲ್ಲನೆ ಏರತೊಡಗುತ್ತದೆ. ಏರು ಮುಗಿದೊಡನೆ ಕಣ್ಣೆದುರು ಕೆಂಪು ಕಲ್ಲಿನ ವಿಶಾಲವಾದ ಬಯಲೊಂದು ತೆರೆದುಕೊಳ್ಳುತ್ತದೆ. ನಮ್ಮ ಕಡೆಯವರು ಇದನ್ನು ಪದವು ಎನ್ನುತ್ತಾರೆ. ನೆರೆಯ ಮಲಯಾಳಿಗಳು ಪಾರ ಎನ್ನುತ್ತಾರೆ. ಅಲ್ಲೊಂದು ಇಲ್ಲೊಂದು ಗೇರುಮರ, ಬಿರುಕುಗಳಲ್ಲಿ ಒಣಗಿ ನಿಂತ ಮುಳಿಹುಲ್ಲು, ಕಲ್ಲು ಕಡಿದು ಬಿಟ್ಟ ಗುಂಡಿಗಳು. ಬೇಸಗೆಯಲ್ಲಿ ನೋಡಿದವರಿಗೆ ಇಲ್ಲಿ ಮನುಷ್ಯರು ಬಾಳುವುದುಂಟೇ ಎನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಇದು ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ ಸುರಿಯುವ ಸೀಮೆ. ಮಳೆ ಹಿಡಿದು ಎರಡು ತಿಂಗಳು ಕಳೆಯಿತೆಂದರೆ ಅದೇ ಪದವಿನ ಮೈಮೇಲೆ ಹಸಿರು ಹಾಸಿರುತ್ತದೆ. ಸೋಣ ತಿಂಗಳಲ್ಲಿ, ಓಣಂ ಹಬ್ಬದ ಹೊತ್ತಿಗೆ, ಮಲಯಾಳಿಗಳು ಕಾಕ್ಕಪ್ಪೂ ಎಂದು ಕರೆಯುವ ಪುಟ್ಟ ನೀಲಿ ಹೂಗಳು ನೆಲಕ್ಕಂಟಿಕೊಂಡು ಹರಡಿರುತ್ತವೆ. ಮಕ್ಕಳು ಬುಟ್ಟಿ ಹಿಡಿದು ಬರಿಗಾಲಲ್ಲಿ ಅವನ್ನು ಕೊಯ್ಯಲು ಓಡುತ್ತಾರೆ.

ಈ ಕೆಂಪುಕಲ್ಲಿಗೆ ಜಗತ್ತು ಬಳಸುವ ಹೆಸರು ಹುಟ್ಟಿದ್ದು ಕೇರಳದಲ್ಲಿಯೇ. ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಇದಕ್ಕೆ ಲ್ಯಾಟರೈಟ್ ಎಂದು ನಾಮಕರಣ ಮಾಡಿದನು. ನೆಲದೊಳಗಿರುವಾಗ ಮೆದು, ಕಡಿದು ಗಾಳಿಗಿಟ್ಟರೆ ಗಟ್ಟಿ. ಮನೆ ಕಟ್ಟುವವನಿಗೆ ಇದಕ್ಕಿಂತ ಅನುಕೂಲದ ಕಲ್ಲು ಬೇರೆ ಇಲ್ಲ. ಹೀಗಾಗಿ ಪದವಿನ ಕಲ್ಲಿನಿಂದಲೇ ಪದವಿನ ಮೇಲೆ ಮನೆಗಳೆದ್ದವು. 1957ರಲ್ಲಿ ಆರಂಭವಾದ ಸರಕಾರಿ ಕಾಲೇಜು ವಿದ್ಯಾನಗರದಲ್ಲಿ ನೆಲೆ ನಿಂತಿತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ಮೇಲೆ ಜಿಲ್ಲಾ ಕಚೇರಿಗಳೂ ಅಲ್ಲಿಗೇ ಬಂದವು. ನೌಕರಿಯವರು, ವಕೀಲರು, ಅಧ್ಯಾಪಕರು, ಮಕ್ಕಳನ್ನು ಪೇಟೆಯ ಶಾಲೆಗೆ ಸೇರಿಸಬೇಕೆಂದು ಬಯಸಿದ ಕೃಷಿಕರು, ಎಲ್ಲರೂ ಐದು ಹತ್ತು ಸೆಂಟ್ಸು ಜಾಗಕ್ಕಾಗಿ ಪದವಿನ ಕಡೆಗೆ ಮುಖ ಮಾಡಿದರು. ನಾವೂ ಹಾಗೆ ಬಂದವರಲ್ಲಿ ಸೇರಿದವರು.

ನಾವು ಬದಿಯಡ್ಕದಾಚೆಯ ಅಡಕೆ ತೋಟದ ಮನೆಯನ್ನು ಬಿಟ್ಟು ಇಲ್ಲಿಗೆ ಬರಲು ನಿಶ್ಚಯಿಸಿದಾಗ ಹಿರಿಯರು ಕೇಳಿದ ಮೊದಲ ಪ್ರಶ್ನೆ ನೀರಿನದಾಗಿರಲಿಲ್ಲ, ನೆರೆಹೊರೆಯದೂ ಆಗಿರಲಿಲ್ಲ. “ಪದವಿನಲ್ಲಿ ಕಲ್ಲಿನ ಮಾಟೆಗಳಿರುತ್ತವಲ್ಲ, ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತೀರಿ, ಹಾವಿನ ಗತಿಯೇನು?” ಎಂದೇ ಎಲ್ಲರೂ ಕೇಳಿದರು. ತಮಾಷೆಯೆಂದರೆ, ಹೀಗೆ ಕೇಳಿದವರೆಲ್ಲ ಹಾವುಗಳ ನಡುವೆಯೇ ಬಾಳಿದವರು. ತೋಟದ ಕಣಿಯಲ್ಲಿ ನೀರೊಳ್ಳೆ, ಸೋಗೆಯ ಅಟ್ಟಿಯಡಿಯಲ್ಲಿ ನಾಗರ, ಹಟ್ಟಿಯ ಹಿಂದಿನ ಹುಲ್ಲುಬಣವೆಯಲ್ಲಿ ಕೇರೆ, ಇವು ಅವರಿಗೆ ದಿನನಿತ್ಯದ ಸಂಗತಿ. ಹಾಗಿದ್ದೂ ಅಲ್ಲಿಲ್ಲದ ಹೆದರಿಕೆ ಇಲ್ಲೇಕೆ? ಈ ಪ್ರಶ್ನೆಯನ್ನು ಹಿಡಿದು ಯೋಚಿಸಿದಷ್ಟೂ ನಮಗೆ ಹಳೆಯ ಮನೆಯ ಬಾಳುವೆಯೇ ಹೆಚ್ಚು ಸ್ಪಷ್ಟವಾಗುತ್ತ ಬಂತು.

ಹಳೆಯ ಮನೆಯಲ್ಲಿ ಹಾವಿನ ಭಯವಿರಲಿಲ್ಲವೆಂದಲ್ಲ. ಆ ಭಯವೆಲ್ಲ ನಿತ್ಯದ ನಡವಳಿಕೆಯಾಗಿ ಕರಗಿಹೋಗಿತ್ತು. ಅಂಗಳಕ್ಕೆ ಸೆಗಣಿ ಸಾರಿಸಿ ಹುಲ್ಲುಕಡ್ಡಿಯಿಲ್ಲದಂತೆ ಬಯಲಾಗಿಡುತ್ತಿದ್ದರು. ಹರಿದುಬಂದದ್ದು ಏನಿದ್ದರೂ ದೂರದಿಂದಲೇ ಕಾಣುತ್ತಿತ್ತು. ಸೌದೆಯ ಕೊಟ್ಟಿಗೆ ಮನೆಯಿಂದ ಬೇರೆಯಾಗಿತ್ತು. ಕತ್ತಲಾದ ಮೇಲೆ ಹೊರಗೆ ಕಾಲಿಡುವವರ ಕೈಯಲ್ಲಿ ಸೂಟೆಯೋ ಲಾಟೀನೋ ಇರಲೇಬೇಕು. ಕಟ್ಟಪುಣಿಯ ಮೇಲೆ ನಡೆಯುವಾಗ ಕೋಲನ್ನು ನೆಲಕ್ಕೆ ತಟ್ಟುತ್ತ ನಡೆಯಬೇಕು. ಒಟ್ಟಿಲಿಗೆ ಕೈ ಹಾಕುವ ಮುಂಚೆ ಕೊಕ್ಕೆಯಿಂದ ಎಳೆದು ನೋಡಬೇಕು. ಇವನ್ನು ನಮಗೆ ಯಾರೂ ಪಾಠವಾಗಿ ಹೇಳಿಕೊಟ್ಟದ್ದಿಲ್ಲ, ನೋಡಿ ಕಲಿತದ್ದು. ಪೇಟೆಯ ಬದಿಗೆ ವಾಸ ಬದಲಿಸುವಾಗ ಪಾತ್ರೆಪಗಡ, ಮಂಚ, ತೊಟ್ಟಿಲು ಎಲ್ಲವೂ ಲಾರಿಯೇರುತ್ತವೆ. ಈ ನಡವಳಿಕೆಯೊಂದು ಮಾತ್ರ ಹಿಂದೆ ಉಳಿದುಬಿಡುತ್ತದೆ. ಆಮೇಲೆ ನಮ್ಮೊಂದಿಗೆ ಬರುವುದು ಬರೀ ಭಯ. ಅದು ಹಗ್ಗವನ್ನು ಕಂಡು ಬೆಚ್ಚುತ್ತದೆ, ನಿಜವಾದ ಹಾವಿಗೆ ದಾರಿ ಮಾಡಿಕೊಟ್ಟು ಮಲಗುತ್ತದೆ.

ಪದವಿನಲ್ಲಿ ಹಾವುಗಳಿರುವುದು ನಿಜವೇ. ಮುರಕಲ್ಲು ತೂತುಗಳ ಕಲ್ಲು. ಅದರ ಬಿರುಕುಗಳು ಬೇಸಗೆಯಲ್ಲೂ ತಂಪಾಗಿರುತ್ತವೆ. ಮಳೆ ಜಡಿದಾಗ ಆ ಮಾಟೆಗಳಲ್ಲಿ ನೀರು ತುಂಬಿ ಒಳಗಿದ್ದ ಜೀವಿಗಳು ಮೇಲೆ ಬರುತ್ತವೆ. ಅದೇ ಹೊತ್ತಿನಲ್ಲಿ ಕಪ್ಪೆಗಳು ಹೆಚ್ಚುತ್ತವೆ. ಕೊಳಕುಮಂಡಲ ಮಳೆಗಾಲದ ಮೊದಲ ದಿನಗಳಲ್ಲಿ ಇಪ್ಪತ್ತು ಮೂವತ್ತು ಮರಿಗಳನ್ನು ಒಮ್ಮೆಗೇ ಹಾಕುತ್ತದೆ. ನಾಗರನ ಮೊಟ್ಟೆಗಳು ಒಡೆಯುವ ಕಾಲವೂ ಹೆಚ್ಚುಕಡಿಮೆ ಇದೇ. ಇದರ ಮೇಲೆ ನಾವು ಮಾಡಿಕೊಟ್ಟ ಅನುಕೂಲಗಳು ಬೇರೆ. ಸಿಮೆಂಟು ಮೆತ್ತದೆ ಪೇರಿಸಿದ ಆವರಣದ ಗೋಡೆ, ಮನೆ ಕಟ್ಟಿ ಮಿಕ್ಕ ಕಲ್ಲಿನ ರಾಶಿ, ಮಾರಾಟವಾಗದೆ ಪೊದೆ ಬೆಳೆದ ನೆರೆಯ ನಿವೇಶನ, ರಸ್ತೆಯಂಚಿಗೆ ಎಸೆದ ಕಸ. ಕಸವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಹಾವು ನಮ್ಮ ಮಕ್ಕಳನ್ನು ಹುಡುಕಿಕೊಂಡು ಬರುವುದಿಲ್ಲ; ನಮ್ಮ ಇಲಿಗಳನ್ನು ಹುಡುಕಿಕೊಂಡು ಬರುತ್ತದೆ. ಬಂದ ದಾರಿಯಲ್ಲಿ ಮಗುವಿನ ಕಾಲು ಸಿಕ್ಕುವುದೇ ಅನಾಹುತದ ಮೂಲ.

ಕಾಣುವ ಹಾವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಕೇರೆ, ನೀರೊಳ್ಳೆ, ಹಸಿರು ಹಾವು, ತೋಳಹಾವು, ಇವುಗಳಿಂದ ಮನುಷ್ಯನ ಪ್ರಾಣಕ್ಕೆ ಕೇಡಿಲ್ಲ. ನಮ್ಮ ದೇಶದಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣವೆನಿಸಿದವು ನಾಲ್ಕು. ಹೆಡೆಯೆತ್ತುವ ನಾಗರಹಾವನ್ನು ಎಲ್ಲರೂ ಬಲ್ಲರು. ಕೊಳಕುಮಂಡಲಕ್ಕೆ ಕನ್ನಡಿಹಾವೆಂಬ ಹೆಸರೂ ಇದೆ; ದಪ್ಪ ಮೈ, ಬೆನ್ನಿನುದ್ದಕ್ಕೂ ಸರಪಳಿಯಂಥ ಕಂದು ಮಚ್ಚೆಗಳು, ಕೆಣಕಿದರೆ ಕುಕ್ಕರಿನ ಸೀಟಿಯಂತೆ ಬುಸುಗುಟ್ಟುತ್ತದೆ. ಗರಗಸಮಂಡಲ ಮೊಳದಷ್ಟೇ ಉದ್ದ; ಸುರುಳಿ ಸುತ್ತಿ ಮೈಯ ಹುರುಪೆಗಳನ್ನೇ ಪರಸ್ಪರ ತಿಕ್ಕಿ ಸದ್ದು ಮಾಡುತ್ತದೆ. ನಾಲ್ಕನೆಯದು ಕಟ್ಟುಹಾವು; ಹೊಳೆಯುವ ಕಪ್ಪು ಮೈ, ಅದರ ಮೇಲೆ ಬಳೆ ತೊಟ್ಟಂತೆ ತೆಳುವಾದ ಬಿಳಿ ಪಟ್ಟಿಗಳು. ಈ ನಾಲ್ಕಲ್ಲದೆ ಪಶ್ಚಿಮ ಘಟ್ಟದ ತೋಟಗಳ ತರಗೆಲೆಗಳಲ್ಲಿ ಮೂತಿ ಮೇಲಕ್ಕೆತ್ತಿದ ಗಿಡ್ಡ ಮಂಡಲವೊಂದಿದೆ. ಅದರ ಕಡಿತಕ್ಕೆ ನಮ್ಮಲ್ಲಿ ದೊರೆಯುವ ವಿಷಹರ ಔಷಧ ನಾಟುವುದಿಲ್ಲವೆಂದು ವೈದ್ಯರು ಕಂಡುಕೊಂಡಿದ್ದಾರೆ. ಮೂತ್ರಪಿಂಡ ಕೆಡದಂತೆ ಶುಶ್ರೂಷೆ ಮಾಡುವುದೇ ಅದಕ್ಕೆ ದಾರಿ.

ಮಕ್ಕಳಿರುವ ಮನೆಯವರು ಈ ನಾಲ್ಕರಲ್ಲಿ ಕಟ್ಟುಹಾವಿನ ಸ್ವಭಾವವನ್ನು ವಿಶೇಷವಾಗಿ ತಿಳಿದಿರಬೇಕು. ಅದು ನಿಶಾಚರ. ಇಲಿಯನ್ನೋ ಹಲ್ಲಿಯನ್ನೋ ಬೇರೊಂದು ಹಾವನ್ನೋ ಅರಸಿ ಬಾಗಿಲ ಸಂದಿನಿಂದ ಒಳಗೆ ಬರುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ನಿದ್ದೆಯಲ್ಲಿ ಮೈ ಹೊರಳಿಸಿದಾಗ ಕಚ್ಚಿ ಹೋಗುತ್ತದೆ. ಇರುವೆ ಕಚ್ಚಿದಷ್ಟೂ ನೋವಿರುವುದಿಲ್ಲ, ಬಾವು ಬರುವುದಿಲ್ಲ, ಹಲ್ಲಿನ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ಬೆಳಗಿನ ಜಾವ ಮಗು ಹೊಟ್ಟೆನೋವೆಂದು ಎದ್ದು ಅಳುತ್ತದೆ, ವಾಂತಿ ಮಾಡುತ್ತದೆ. ನಾವು ರಾತ್ರಿಯ ಊಟವನ್ನು ದೂರಿ ಓಮದ ಕಷಾಯ ಕುದಿಸುತ್ತ ಕೂರುತ್ತೇವೆ. ಅಷ್ಟರಲ್ಲಿ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಆದುದರಿಂದ ನೆಲದಲ್ಲಿ ಮಲಗಿದ್ದ ಮಗು ಹೀಗೆ ಕಾರಣವಿಲ್ಲದೆ ಹೊಟ್ಟೆನೋವೆಂದು ಎದ್ದರೆ, ಕಣ್ಣಿನ ರೆಪ್ಪೆ ಬಾಡುತ್ತಿದ್ದರೆ, ಹಾವನ್ನು ಯಾರೂ ಕಾಣದಿದ್ದರೂ ಆಸ್ಪತ್ರೆಗೆ ಧಾವಿಸಬೇಕು.

ಗಡಿಯಲ್ಲಿ ಬಾಳುವ ನಮಗೆ ಇನ್ನೊಂದು ಮಾತು ಸಲ್ಲುತ್ತದೆ. ನಮ್ಮ ಮಕ್ಕಳು ಮನೆಯಲ್ಲಿ ನಾಗರಹಾವು ಎಂದು ಕಲಿಯುತ್ತಾರೆ. ಆಟದ ಬಯಲಿನಲ್ಲಿ ಜೊತೆಯ ಹುಡುಗ “ಮೂರ್ಖನ್” ಎಂದು ಕೂಗಿದರೆ ಅದು ಬೈಗುಳವೆಂದು ತಿಳಿಯುವ ಸಂಭವವೇ ಹೆಚ್ಚು! ಮಲಯಾಳದಲ್ಲಿ ನಾಗರಹಾವೇ ಮೂರ್ಖನ್, ಕೊಳಕುಮಂಡಲ ಅಣಲಿ, ಕಟ್ಟುಹಾವು ವೆಳ್ಳಿಕ್ಕೆಟ್ಟನ್ ಅಥವಾ ಶಂಖುವರಯನ್. ನಮ್ಮ ಆಸ್ಪತ್ರೆಗಳ ದಾದಿಯರೂ ವಾಹನದ ಚಾಲಕರೂ ಬಹುಪಾಲು ಮಲಯಾಳ ಮಾತಾಡುವವರು. ಹೆಸರುಗಳನ್ನು ಎರಡೂ ಭಾಷೆಯಲ್ಲಿ ಅರಿತಿದ್ದರೆ ಗಾಬರಿಯ ಹೊತ್ತಿನಲ್ಲಿ ಗೊಂದಲ ತಪ್ಪುತ್ತದೆ. ಹಾಗೆಂದು ಹಾವನ್ನು ಗುರುತಿಸುವುದಕ್ಕಾಗಿ ಅದರ ಬೆನ್ನು ಹತ್ತಬಾರದು. ಆ ನಾಲ್ಕಕ್ಕೂ ಕೊಡುವ ಔಷಧ ಒಂದೇ. ವೈದ್ಯರು ರೋಗಿಯ ಲಕ್ಷಣ ನೋಡಿ ಚಿಕಿತ್ಸೆ ನಿಶ್ಚಯಿಸುತ್ತಾರೆ. ಗಾಜಿನ ನಳಿಗೆಯಲ್ಲಿ ರೋಗಿಯ ರಕ್ತವನ್ನಿಟ್ಟು 20 ನಿಮಿಷಗಳಲ್ಲಿ ಅದು ಹೆಪ್ಪುಗಟ್ಟುವುದೋ ಇಲ್ಲವೋ ಎಂದು ನೋಡುವ ಸರಳವಾದ ಪರೀಕ್ಷೆಯೇ ಮಂಡಲದ ವಿಷವನ್ನು ತಿಳಿಸಿಕೊಡುತ್ತದೆ.

ಪದವಿನ ಮನೆಗೆ ಬಂದ ಮೇಲೆ ನಾವು ಮಾಡಿಕೊಂಡ ಏರ್ಪಾಡುಗಳು ದೊಡ್ಡವೇನಲ್ಲ. ಮಿಕ್ಕ ಕಲ್ಲಿನ ರಾಶಿಯನ್ನು ಸಾಗಹಾಕಿಸಿ, ಗೋಡೆಯ ಸಂದುಗಳಿಗೆ ಗಾರೆ ಮೆತ್ತಿಸಿದೆವು. ಬಚ್ಚಲ ನೀರು ಹೋಗುವ ಕೊಳವೆಗಳಿಗೆ ಸಣ್ಣ ಕಣ್ಣಿನ ಬಲೆ ಹಾಕಿಸಿದೆವು. ಬಾಗಿಲ ಕೆಳಗಿನ ಸಂದನ್ನು ರಬ್ಬರಿನ ಪಟ್ಟಿಯಿಂದ ಮುಚ್ಚಿದೆವು. ಕಿಟಕಿಗೆ ಆನಿಸಿಕೊಂಡಿದ್ದ ಮಲ್ಲಿಗೆಯ ಬಳ್ಳಿಯನ್ನು ದೂರದ ಚಪ್ಪರಕ್ಕೆ ಸಾಗಿಸಿದೆವು. ಮಕ್ಕಳು ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿ ಮಲಗುತ್ತಾರೆ. ಹೊರಗಿಟ್ಟ ಪಾದರಕ್ಷೆಯನ್ನು ಕೊಡವದೆ ಮೆಟ್ಟಬಾರದು. ಕತ್ತಲಲ್ಲಿ ಬ್ಯಾಟರಿಯಿಲ್ಲದೆ ಅಂಗಳಕ್ಕಿಳಿಯಬಾರದು. ಚೆಂಡು ಪೊದೆಗೆ ಬಿದ್ದರೆ ದೊಡ್ಡವರನ್ನು ಕರೆಯಬೇಕು. ಹೂ ಕೊಯ್ಯಲು ಹೋಗುವುದನ್ನು ನಾವು ತಡೆಯಲಿಲ್ಲ, ಕಾಲಿಗೆ ಬೂಟು ತೊಡಿಸಿ ಕಳುಹಿಸಿದೆವು. ಮಗುವಿನ ಬಾಲ್ಯವನ್ನೆಲ್ಲ ಕೋಣೆಯೊಳಗೆ ಕೂಡಿಹಾಕಿ ಕಾಯುವುದಾದರೆ ಪೇಟೆಯನ್ನು ಬಿಟ್ಟು ಪದವಿಗೆ ಬಂದ ಪ್ರಯೋಜನವೇನು?

ನೆರೆಯವರ ಸಲಹೆಗಳಿಗೂ ಬರವಿರಲಿಲ್ಲ. ಬೆಳ್ಳುಳ್ಳಿ ಜಜ್ಜಿ ಎರಚಿರೆಂದು ಕೆಲವರು, ಇಂಗಿನ ನೀರು ಚೆಲ್ಲಿರೆಂದು ಕೆಲವರು, ಕಾರ್ಬಾಲಿಕ್ ಆಮ್ಲವನ್ನು ಮನೆಯ ಸುತ್ತ ಸುರಿಯಿರೆಂದು ಹಲವರು. ಬೆಳ್ಳುಳ್ಳಿಗೂ ಇಂಗಿಗೂ ಹಾವು ಬೆದರುವುದಿಲ್ಲ. ಆಮ್ಲವಂತೂ ಹಾವಿಗಿಂತ ಮೊದಲು ಮಗುವಿನ ಚರ್ಮವನ್ನು ಸುಡುವ ವಿಷ. ಕಂಡ ಹಾವನ್ನೆಲ್ಲ ಹೊಡೆದು ಹಾಕುವುದೂ ಜಾಣತನವಲ್ಲ. ಕಚ್ಚಿಸಿಕೊಳ್ಳುವವರಲ್ಲಿ ಹಾವನ್ನು ಹಿಡಿಯಲೋ ಹೊಡೆಯಲೋ ಹೋದವರೂ ಇರುತ್ತಾರೆ. 1972ರ ವನ್ಯಜೀವಿ ಕಾನೂನೂ ಅದಕ್ಕೆ ಒಪ್ಪುವುದಿಲ್ಲ. ಕೇರಳದ ಅರಣ್ಯ ಇಲಾಖೆ ಹಾವು ಹಿಡಿಯಲು ತರಬೇತಿ ಪಡೆದವರಿಗೆ ಪ್ರಮಾಣಪತ್ರ ಕೊಡುತ್ತದೆ. “ಸರ್ಪ” ಎಂಬ ಮೊಬೈಲ್ ಆ್ಯಪ್ ಮೂಲಕ ಅವರನ್ನು ಮನೆಗೆ ಕರೆಸಬಹುದು. ಅವರು ಬರುವ ತನಕ ಮಕ್ಕಳನ್ನು ದೂರವಿರಿಸಿ, ಹಾವು ಎಲ್ಲಿ ಸೇರಿತೆಂದು ಕಣ್ಣಿಟ್ಟು ನೋಡುವುದಷ್ಟೇ ನಮ್ಮ ಕೆಲಸ.

ಇಷ್ಟೆಲ್ಲ ಮಾಡಿದರೂ ಕಚ್ಚಿತೆಂದರೆ? ತಾಯಿತಂದೆಯರ ನಿದ್ದೆಗೆಡಿಸುವ ಪ್ರಶ್ನೆ ಇದೇ. 2000ದಿಂದ 2019ರವರೆಗಿನ ಸಾವುಗಳನ್ನು ಕುರಿತು ನಡೆದ ವಿಸ್ತಾರವಾದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿ. ಅವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು 15 ವರ್ಷದೊಳಗಿನ ಮಕ್ಕಳು. ಮಗುವಿನ ಮೈ ಸಣ್ಣದು, ಹಾವು ಬಿಡುವ ವಿಷ ಅಷ್ಟೇ. ಹಾಗಾಗಿ ವಿಷವೇರುವುದು ಬೇಗ. ಔಷಧದ ಪ್ರಮಾಣವೂ ಮಗುವಿಗೆ ದೊಡ್ಡವರಿಗೆ ಕೊಡುವಷ್ಟೇ ಬೇಕು. ಆ ಔಷಧ ಎಲ್ಲಿಂದ ಬರುತ್ತದೆಂಬುದೂ ತಿಳಿದಿರಬೇಕಾದ ಸಂಗತಿ. ಚೆನ್ನೈಯ ಬಳಿ 1978ರಲ್ಲಿ ಸ್ಥಾಪನೆಯಾದ ಇರುಳರ ಸಹಕಾರ ಸಂಘದವರು ಹಾವುಗಳನ್ನು ಹಿಡಿದು, ವಿಷ ತೆಗೆದು, ಮತ್ತೆ ಬಿಟ್ಟುಬಿಡುತ್ತಾರೆ. ಆ ವಿಷವನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸಿ ಔಷಧ ಮಾಡುತ್ತಾರೆ. ಹಾವಿನ ವಿಷಕ್ಕೆ ಇರುವ ಮದ್ದು ಇದೊಂದೇ. ಬೇರು, ಕಲ್ಲು, ಮಂತ್ರ ಯಾವುದೂ ಅದರ ಬದಲಿಗೆ ನಿಲ್ಲಲಾರದು.

2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ನಡೆದುದನ್ನು ನಮ್ಮಲ್ಲಿ ಯಾರೂ ಮರೆತಿರಲಾರರು. ಐದನೆಯ ತರಗತಿಯ ಬಾಲಕಿಯೊಬ್ಬಳ ಕಾಲಿಗೆ, ತರಗತಿಯ ನೆಲದ ತೂತಿನಲ್ಲಿದ್ದ ಹಾವು ಕಚ್ಚಿತು. ಆಸ್ಪತ್ರೆಗೆ ಸಾಗಿಸುವುದರಲ್ಲಿ, ಔಷಧ ಕೊಡುವುದರಲ್ಲಿ ಹೊತ್ತು ಕಳೆದು ಆ ಮಗು ತೀರಿಕೊಂಡಿತು. ಆಮೇಲೆ ರಾಜ್ಯದ ಶಾಲೆಗಳಲ್ಲಿ ತೂತುಗಳನ್ನು ಮುಚ್ಚಿಸಿದರು, ಪೊದೆ ಕಡಿಸಿದರು. ಆ ಸಾವಿನಿಂದ ನಾವು ಕಲಿಯಬೇಕಾದುದು ತೂತು ಮುಚ್ಚುವುದನ್ನಷ್ಟೇ ಅಲ್ಲ. ಮಗು “ಏನೋ ಕಚ್ಚಿತು” ಎಂದರೆ ಆ ಮಾತನ್ನು ಆ ಕ್ಷಣವೇ ನಂಬಬೇಕು. ನಮ್ಮ ಮಕ್ಕಳಿಗೆ ನಾವು ಕೊಟ್ಟ ಮುಖ್ಯವಾದ ಪಾಠವೂ ಇದೇ: ಹೋಗಬಾರದ ಕಡೆ ಹೋಗಿ ಕಚ್ಚಿಸಿಕೊಂಡಿದ್ದರೂ ಬೈಗುಳ ಬೀಳುವುದಿಲ್ಲ, ಕೂಡಲೇ ಬಂದು ಹೇಳಬೇಕು. ಬೈಯುತ್ತಾರೆಂದು ಅಡಗಿಸಿಟ್ಟ ಗಾಯಕ್ಕೆ ಮದ್ದಿಲ್ಲ.

ಕಚ್ಚಿದ ಮೇಲೆ ಮಾಡಬೇಕಾದುದು ಸ್ವಲ್ಪ, ಮಾಡಬಾರದುದು ಹೆಚ್ಚು. ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿದು ಕಟ್ಟಬಾರದು, ಐಸು ಇಡಬಾರದು. ಕಾಲಂದುಗೆ, ಬಳೆ, ಉಂಗುರಗಳನ್ನು ಬಾವು ಬರುವ ಮುಂಚೆ ತೆಗೆಯಬೇಕು. ಮುರಿದ ಎಲುಬಿಗೆ ಕಟ್ಟುವಂತೆ ಹಲಗೆಯೊಂದನ್ನಿಟ್ಟು ಆ ಅಂಗ ಅಲುಗದಂತೆ ಮಾಡಬೇಕು. ಮಗುವನ್ನು ನಡೆಸದೆ ಎತ್ತಿಕೊಂಡು, ಧೈರ್ಯ ಹೇಳುತ್ತ, ಔಷಧವಿರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಇಲ್ಲಿ “ಔಷಧವಿರುವ” ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಯಾವ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತಿನಲ್ಲಿಯೂ ವಿಷಹರ ಔಷಧವಿರುತ್ತದೆ, ಕೃತಕ ಉಸಿರಾಟದ ಯಂತ್ರವಿದೆ, ಯಾರ ವಾಹನ ಸಿಗುತ್ತದೆ ಎಂಬುದನ್ನು ಗೃಹಪ್ರವೇಶದ ಮುಂಚೆಯೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. ಬಾವಿಯ ನೀರಿನ ಪರೀಕ್ಷೆ ಮಾಡಿಸುವುದಿಲ್ಲವೇ, ಇದೂ ಹಾಗೆಯೇ.

ನಮ್ಮ ಸೀಮೆಯವರಿಗೆ ಈ ವಿಚಾರಣೆ ಇನ್ನೂ ಅಗತ್ಯ. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆಯೆಂದರೆ ತಲೆತಲಾಂತರದಿಂದ ಮಂಗಳೂರೇ ದಿಕ್ಕು; ಐವತ್ತು ಕಿಲೋಮೀಟರಿನ ಹಾದಿ, ಪರಿಚಿತವಾದ ಭಾಷೆ. ಆದರೆ 2020ರ ಮಾರ್ಚ್ ಕೊನೆಯಲ್ಲಿ ಸಾಂಕ್ರಾಮಿಕದ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿಗೆ ಹೋಗಲಾಗದೆ ರೋಗಿಗಳು ಸತ್ತ ಸುದ್ದಿಗಳು ಬಂದವು; ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಏಪ್ರಿಲಿನಲ್ಲಿ ರೋಗಿಗಳ ಸಂಚಾರಕ್ಕೆ ಎರಡು ರಾಜ್ಯಗಳ ನಡುವೆ ಒಪ್ಪಂದವಾಯಿತು. 1956ರ ನವೆಂಬರ್ 1ರಂದು ನಕಾಶೆಯ ಮೇಲೆ ಎಳೆದ ಗೆರೆ ಆ ದಿನಗಳಲ್ಲಿ ನೆಲದ ಮೇಲೆ ಮಣ್ಣಿನ ದಿಬ್ಬವಾಗಿ ನಿಂತುದನ್ನು ನಾವು ಕಣ್ಣಾರೆ ಕಂಡೆವು. ಅಂದಿನಿಂದ ನಮ್ಮ ಮನೆಯ ಗೋಡೆಯ ಮೇಲೆ ಒಂದು ಚೀಟಿ ಅಂಟಿಕೊಂಡಿದೆ. ಕಾಸರಗೋಡಿನ ಆಸ್ಪತ್ರೆ ಮೊದಲು, ದಕ್ಷಿಣಕ್ಕೆ ಕಾಞಂಗಾಡು ಮತ್ತು ಪರಿಯಾರಂ ದಾರಿ ಆಮೇಲೆ, ಉತ್ತರಕ್ಕೆ ಮಂಗಳೂರು ಅದಕ್ಕೆ ಸರಿಸಮನಾಗಿ. ದೂರವಾಣಿ ಸಂಖ್ಯೆಗಳನ್ನು ಮಗಳೇ ತನ್ನ ಅಕ್ಷರದಲ್ಲಿ, ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿದ್ದಾಳೆ.

ನಮ್ಮ ಬಡಾವಣೆಯ ಮೂಲೆಯಲ್ಲಿ ಹಳೆಯದೊಂದು ನಾಗಬನವಿದೆ. ಸುತ್ತಲಿನ ಜಾಗವೆಲ್ಲ ಮಾರಾಟವಾದರೂ ಬನಕ್ಕೆ ಯಾರೂ ಕೈಯಿಟ್ಟಿಲ್ಲ. ನಾಲ್ಕು ಮರಗಳು, ದಟ್ಟವಾದ ಬಳ್ಳಿಗಳು, ಪಾಚಿ ಹಿಡಿದ ನಾಗನ ಕಲ್ಲುಗಳು. ಪಂಚಮಿಯ ದಿನ ಕುಟುಂಬದವರು ಬಂದು ತನು ಎರೆದು ಹೋಗುತ್ತಾರೆ. ಮಲಯಾಳಿ ನೆರೆಯವರು ಅದನ್ನು ಸರ್ಪಕ್ಕಾವು ಎಂದು ಕರೆದು ಅಷ್ಟೇ ಭಕ್ತಿಯಿಂದ ಕೈಮುಗಿಯುತ್ತಾರೆ. ಹಾವು ಹಾಲು ಕುಡಿಯುವುದಿಲ್ಲವೆಂದು ನಮ್ಮ ಮಗ ಶಾಲೆಯಲ್ಲಿ ಕಲಿತು ಬಂದು ಹೇಳಿದಾಗ ಅಜ್ಜಿ ನಕ್ಕು, “ಕುಡಿಯುವುದಕ್ಕಲ್ಲ ಮಗು, ಇದು ಅದರ ಜಾಗ ಎಂದು ನಾವು ವರ್ಷಕ್ಕೊಮ್ಮೆ ಒಪ್ಪಿಕೊಳ್ಳುವುದಕ್ಕೆ” ಎಂದರು. ಹಿಂದಿನವರು ಹಾವಿಗೊಂದು ಜಾಗ ಬಿಟ್ಟುಕೊಟ್ಟು ಮಿಕ್ಕ ಜಾಗದಲ್ಲಿ ಎಚ್ಚರದಿಂದ ನಡೆದರು. ಹೊಸ ಬಡಾವಣೆಗಳಿಗೆ ಹೋಗುವ ಎಳೆಯ ದಂಪತಿಗಳಿಗೆ ನಾವು ಹೇಳಬಯಸುವುದೂ ಅಷ್ಟೇ. ಹೆದರಿಕೆಯನ್ನು ಬಿಟ್ಟು ಬನ್ನಿರೆಂದು ನಾವು ಹೇಳುವುದಿಲ್ಲ. ಅದರ ಜೊತೆಗೆ ಅಜ್ಜಿಯ ಮನೆಯ ದೀಪವನ್ನೂ ಕೋಲನ್ನೂ ಚೊಕ್ಕಟವಾದ ಅಂಗಳವನ್ನೂ ತನ್ನಿರಿ. ಸಂಜೆಯಾದಂತೆ ಪದವಿನ ಮೇಲೆ ಕಡಲಗಾಳಿ ಬೀಸುತ್ತದೆ, ಮಕ್ಕಳು ಅಂಗಳದಲ್ಲಿ ಆಡುತ್ತಾರೆ. ಕತ್ತಲು ಕವಿಯುವ ಮೊದಲು ಯಾರಾದರೊಬ್ಬರು ಎದ್ದು ಹೊರಗಿನ ದೀಪ ಹಾಕಿದರೆ ಸಾಕು.